ಅಲ್ಪವಿರಾಮ ಸಾಹೇಬರಿಗೆ ನರೋಣಾದಿಂದ ಒಂದು ಬಹಿರಂಗ ಪತ್ರ

ಮಾನ್ಯ ಅಲ್ಪವಿರಾಮ ಸಾಹೇಬರಿಗೆ,

ನರೋಣಾದ ಅಡತಿ ಅಂಗಡಿಯ ಗುಮಾಸ್ತನ ಶರಣು ಶರಣಾರ್ಥಿ. ನಾವೆಲ್ಲ ಇಲ್ಲಿ ಕ್ಷೇಮ. ಲೆಕ್ಕಕ್ಕೆ ಮಾತ್ರ ಕ್ಷೇಮವಿಲ್ಲ, ಅದಕ್ಕೇ ಈ ಪತ್ರ.

ಮೊನ್ನೆ ತೊಗರಿ ತಂದ ಮುತ್ಯಾ ಒಬ್ಬರು ನನ್ನ ಕಂಪ್ಯೂಟರಿನಲ್ಲಿ ಇಣುಕಿದರು. 235,000 ಅಂತಿತ್ತು. "ಏ ತಮ್ಮಾ, ಆರು ತಿಂಗಳ ದುಡದದ್ದಕ್ಕ ಇನ್ನೂರಾ ಮೂವತ್ತೈದ ರೂಪಾಯಿ ಏನೋ? ಮುಂದಿನ ಮೂರ ಸೊನ್ನಿ ಪೈಸಾ ಏನು?" ಅಂದರು. ಅದು ಎರಡು ಲಕ್ಷ ಮೂವತ್ತೈದು ಸಾವಿರ ಎಂದು ತಿಳಿಸಿ ಹೇಳುವಷ್ಟರಲ್ಲಿ ಎರಡು ಸಲ ಚಹಾ ಆಯಿತು. ಚಹಾದ ಖರ್ಚನ್ನು ತಮ್ಮ ಹೆಸರಿಗೆ ಬರೆದಿದ್ದೇನೆ.

ತಾವು ಮೂರು ಮನೆಗೊಮ್ಮೆ ಕೂರುವವರು. ನಾವು ಮೊದಲು ಮೂರು ಬಿಟ್ಟು, ಆಮೇಲೆ ಎರಡೆರಡಕ್ಕೆ ಕೂರಿಸುವವರು. ಲಕ್ಷ, ಕೋಟಿ ನಮ್ಮ ಇವತ್ತಿನ ಹಟವಲ್ಲ. ನಮ್ಮ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಹೊಗಳಿಯೇ ಸುಮಾರು 850ರಲ್ಲಿ ‘ಗಣಿತಸಾರಸಂಗ್ರಹ’ ಶುರುಮಾಡಿದ ಮಹಾವೀರಾಚಾರ್ಯ, ಏಕದಿಂದ ಹಿಡಿದು 24 ಸ್ಥಾನಗಳಿಗೆ ಹೆಸರಿಟ್ಟಿದ್ದಾನೆ. ಕೊನೆಯದರ ಹೆಸರು ಮಹಾಕ್ಷೋಭ. ಅದನ್ನು ಅನುಭವಿಸಲು ನನಗೆ ಆರನೆಯ ಅಂಕಿಯೇ ಸಾಕಾಗುತ್ತಿದೆ.

ರೀಜನ್ ಸೆಟ್ಟಿಂಗಿಗೆ ಹೋಗಿ ಇಂಡಿಯಾ ಎಂದು ಬದಲಿಸಿದೆ. ತಕ್ಷಣ 2,35,000! ಕೈಮುಗಿದೆ. ಅದೇ ಫೈಲನ್ನು ಆಡಿಟರರಿಗೆ ಕಳಿಸಿದರೆ ಅಲ್ಲಿ ಮತ್ತೆ 235,000. ಅವರ ಯಂತ್ರ ಇನ್ನೂ ಅಮೆರಿಕದಲ್ಲೇ ಇತ್ತು. ತಾವು ಫೈಲಿನ ಸಂಗಡ ಬರುವವರಲ್ಲ, ಯಾರ ಮನೆಯಲ್ಲಿ ಊಟವೋ ಅವರ ಪಂಕ್ತಿಗೆ ಕೂರುವವರು ಎಂದು ಆಗ ತಿಳಿಯಿತು. ಜರ್ಮನಿ ಸೆಟ್ಟಿಂಗಿನಲ್ಲಂತೂ ತಾವು ಪಾಯಿಂಟಿನ ಕುರ್ಚಿಯನ್ನೇ ಹಿಡಿಯುತ್ತೀರಿ, ಪಾಯಿಂಟು ತಮ್ಮ ಜಾಗಕ್ಕೆ ಬರುತ್ತದೆ. ಅಲ್ಲಿ 12.350 ಕ್ವಿಂಟಲ್ ತೊಗರಿ ಎಂದರೆ ಹನ್ನೆರಡು ಸಾವಿರದ ಮುನ್ನೂರೈವತ್ತು ಕ್ವಿಂಟಲ್. ಇದೊಂದಕ್ಕೆ ಮುತ್ಯಾ ಬೇಡ ಅನ್ನಲಿಕ್ಕಿಲ್ಲ.

ಕಡೆಗೆ ಸೆಟ್ಟಿಂಗನ್ನು ಮತ್ತೆ ಅಮೆರಿಕಕ್ಕೇ ತಿರುಗಿಸಿ, ಎರಡೂ ಕಡೆ ಒಂದೇ ರೀತಿ ಕಾಣಲೆಂದು ಸ್ಪ್ರೆಡ್‌ಶೀಟಿನ ಕಸ್ಟಮ್ ಫಾರ್ಮ್ಯಾಟಿನಲ್ಲಿ ಮಂತ್ರ ಬರೆದೆ:

[>=10000000]##\,##\,##\,##0;[>=100000]##\,##\,##0;##,##0

ಕೋಟಿವಂತರಿಗೊಂದು ಕೋಣೆ, ಲಕ್ಷವಂತರಿಗೊಂದು, ಮಿಕ್ಕವರಿಗೆಲ್ಲ ಸೇರಿ ಒಂದು. ಷರತ್ತು ಹಾಕಲು ಎರಡೇ ಅವಕಾಶವಂತೆ. ಮೈನಸ್ ಹೊತ್ತವರು ಎಷ್ಟೇ ದೊಡ್ಡವರಿರಲಿ, ಸೀದಾ ಮೂರನೆಯ ಕೋಣೆಗೆ. ಹೀಗಾಗಿ ಜಮೆ 2,35,000 ಎಂದು ನಮ್ಮ ಭಾಷೆ ಮಾತಾಡುತ್ತದೆ, ಬಾಕಿ -235,000 ಎಂದು ಇಂಗ್ಲಿಷ್ ಉಲಿಯುತ್ತದೆ. ಮಳೆ ಕೈಕೊಟ್ಟ ವರ್ಷ ಇಡೀ ಖಾತೆಯೇ ಪರದೇಶಿ.

ಸದ್ಯಕ್ಕೆ ಪಟ್ಟಿ ಪ್ರಿಂಟ್ ತೆಗೆದು, ಬಾಕಿದಾರರ ಸಾಲುಗಳಲ್ಲಿ ತಮ್ಮ ಎಡಕ್ಕೆ ಇನ್ನೊಬ್ಬ ಅಲ್ಪವಿರಾಮನನ್ನು ಕೆಂಪು ಪೆನ್ನಿನಿಂದ ಕೈಯಾರೆ ಕೂರಿಸುತ್ತಿದ್ದೇನೆ. ಅದೇ ಮುತ್ಯಾ ತಮ್ಮ ಹಳೆಯ ಬಾಕಿಯ ಮೇಲೆ ಬೆರಳಿಟ್ಟು ಓದಿಕೊಂಡು, "ಈಗ ಬರಾಬರ್ ಅದ ನೋಡು" ಎಂದರು. ಬಾಕಿ ಇದ್ದಷ್ಟೇ ಇತ್ತು.

ಇಂತಿ ತಮ್ಮ ವಿಶ್ವಾಸಿ,
ಗುಮಾಸ್ತ, ನರೋಣಾ, ಆಳಂದ ತಾಲ್ಲೂಕು