ಶೇಕಡಾ 15ಕ್ಕೆ ಕಡಿಮೆಯಿಲ್ಲದಂತೆ ಬೀಳತಕ್ಕದ್ದು

ಗೆ,
ಶ್ರೀಯುತ ಆಲಿಕಲ್ಲಿನವರು,
ಭರಣಿ ಮಳೆಯ ಮೋಡ,
ಐಮಂಗಲ ಹೋಬಳಿ, ಹಿರಿಯೂರು ತಾಲ್ಲೂಕು.

ಮಾನ್ಯರೇ,

ವಿಷಯ: ತಾವು ಇನ್ನು ಮುಂದೆ ನಿಯಮಾನುಸಾರ ಬೀಳುವ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ನೀವು ಬೀಳುವುದಕ್ಕೆ ನಮ್ಮ ಅಭ್ಯಂತರವಿಲ್ಲ. ವರ್ಷವೆಲ್ಲ ಮುಗಿಲು ನೋಡುವ ಸೀಮೆ ನಮ್ಮದು. 1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬೀಳಲು 2022ರ ತನಕ ಕಾಯಿಸಿತು. ಅಂಥವರು ನಾವು, ನೀರು ಗಟ್ಟಿಯಾಗಿ ತಲೆ ಮೇಲೆ ಬಿದ್ದರೂ ನೀರೇ ತಾನೆ ಎಂದು ಸುಮ್ಮನಾಗುತ್ತೇವೆ. ತಕರಾರು ಇರುವುದು ನೀವು ಬೀಳುವ ರೀತಿಯಲ್ಲಿ.

ನೀವೇನು ಸಣ್ಣ ಆಸಾಮಿಯಲ್ಲ. ಕೇಂದ್ರ ಸರ್ಕಾರದ ವಿಪತ್ತುಗಳ ಪಟ್ಟಿಯಲ್ಲಿ ಭೂಕಂಪ, ಸುನಾಮಿ, ಚಂಡಮಾರುತಗಳ ಸಾಲಿನಲ್ಲೇ ನಿಮ್ಮ ಹೆಸರಿದೆ. ನಮ್ಮ ಹಳೇ ನೆಂಟ ಬರಗಾಲವೂ ಅಲ್ಲೇ ಇದ್ದಾನೆ. 1888ರ ಏಪ್ರಿಲ್ 30ರಂದು ಉತ್ತರದ ಮೊರಾದಾಬಾದ್ ಹತ್ತಿರ 246 ಜನರನ್ನು ಕೊಂದದ್ದು ನಿಮ್ಮ ವಿಶ್ವದಾಖಲೆ. ಇಷ್ಟು ಹೆಸರು ಮಾಡಿದವರು ಐಮಂಗಲಕ್ಕೆ ಬಂದಾಗ ಮಾತ್ರ ಇಂಥ ಅರೆಬರೆ ಕೆಲಸ ಮಾಡಿ ಹೋಗುವುದೇಕೆ?

ವಿಪತ್ತು ಪರಿಹಾರ ನಿಧಿಯ 2022-26ರ ಮಾರ್ಗಸೂಚಿ ಓದಿದ್ದೀರಾ? ಭಾಗಶಃ ಹಾನಿ ಅನ್ನಿಸಿಕೊಳ್ಳಲು ಮನೆಯ ಕನಿಷ್ಠ ಶೇ 15 ಭಾಗ ಕೆಡಬೇಕು. ಕೆಟ್ಟರೆ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000. (ಹೊಲಕ್ಕಾದರೆ ಶೇ 33. ಈರುಳ್ಳಿಗೆ ಬಿದ್ದ ಸಂಗತಿ ಇನ್ನೊಂದು ಪತ್ರದಲ್ಲಿ ಬರೆಯುತ್ತೇನೆ.) ನೀವೋ ಸಿಮೆಂಟ್ ಶೀಟಿನ ಮೇಲೆ ಅಲ್ಲೊಂದು ಇಲ್ಲೊಂದು ಕುಟ್ಟಿ, ಕೂದಲೆಳೆಯಷ್ಟು ಬಿರುಕು ಬಿಡಿಸಿ, ಮಹಜರಿಗೆ ಯಾರಾದರೂ ಬರುವಷ್ಟರಲ್ಲಿ ಕರಗಿ ಪರಾರಿ. ಬಂದವರು ಮೊಬೈಲಿನಲ್ಲಿ ಫೋಟೊ ತೆಗೆದರೆ ಶೀಟು ಗಟ್ಟಿಮುಟ್ಟಾಗಿ ಕಾಣುತ್ತದೆ. ಅಕ್ಕಿ ಮೂಟೆ, ಹಾಸಿಗೆ, ಮಕ್ಕಳ ಪುಸ್ತಕ ನೆನೆಯುವುದಕ್ಕೆ ನಾಲ್ಕು ಬಿರುಕು ಸಾಕು. ನಾಲ್ಕನ್ನೂ ಕೂಡಿದರೆ ಶೇಕಡಾ ಒಂದೂ ಆಗುವುದಿಲ್ಲ.

ಆ ಬಿರುಕು ಬಿಸಿಲಲ್ಲಿ ಯಾರ ಕಣ್ಣಿಗೂ ಬೀಳದು. ಮುಂದಿನ ಮಳೆ ಸುರಿಯುತ್ತಿರುವಾಗಲೇ ಮಂಚದ ಮೇಲೆ ಸ್ಟೂಲಿಟ್ಟು ಹತ್ತಿ, ತೊಟ್ಟಿಕ್ಕುವ ಕಡೆ ಇದ್ದಿಲಿನಲ್ಲಿ ಗೀಟು ಹಾಕಬೇಕು. ಅದೂ ಸುಲಭವಲ್ಲ. ನೀರು ಬಿರುಕಿನ ನೇರಕ್ಕೆ ಇಳಿಯದೆ, ಶೀಟಿನ ಅಡಿಯಲ್ಲೇ ಹರಿದು ಬಂದು ತೊಲೆಯ ಹತ್ತಿರ ಉದುರುತ್ತದೆ. ಗೀಟಿನಿಂದ ಮೇಲಕ್ಕೆ ಬೆರಳು ಸವರುತ್ತ ಮೂಲ ಹುಡುಕಬೇಕು. ಮಳೆ ಬಿಟ್ಟ ಮೇಲೆ ಮೇಸ್ತ್ರಿ ಹತ್ತಿ ಎಂ-ಸೀಲ್ ಮೆತ್ತುತ್ತಾನೆ. ಅವನು ಬೋಲ್ಟಿನ ಸಾಲಿನ ಮೇಲೇ ಹೆಜ್ಜೆ ಇಡಬೇಕು. ನಡುವೆ ಕಾಲಿಟ್ಟನೋ, ಶೀಟಿನ ಸಮೇತ ಅಡುಗೆಮನೆಗೆ ಇಳಿಯುತ್ತಾನೆ. ಆಗ ಶೇ 15 ಸಲೀಸಾಗಿ ದಾಟುತ್ತದೆ ನಿಜ, ಆದರೆ ಮೇಸ್ತ್ರಿ ಬೀಳುವುದು ವಿಪತ್ತುಗಳ ಪಟ್ಟಿಯಲ್ಲಿಲ್ಲ.

ಹೆಂಚಿನ ಮನೆಯವರ ಪಾಡು ಬೇರೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಶುರು ಮಾಡಿದ ಹೆಂಚು ಘಟ್ಟ ಹತ್ತಿ ನಮ್ಮ ಬಯಲುಸೀಮೆಗೂ ಬಂತು. ಒಂದು ಕಾರ್ಖಾನೆಯ ಹೆಂಚಿನ ಪಕ್ಕ ಇನ್ನೊಂದರದ್ದು ಸರಿಯಾಗಿ ಕೂರುವುದಿಲ್ಲ. ಒಡೆದ ಚೂರಿನ ಮೇಲಿನ ಮುದ್ರೆ ಓದಿಕೊಂಡು, ಹಳೇ ಮನೆ ಕೆಡವಿ ಆರ್‌ಸಿಸಿ ಹಾಕಿಸುತ್ತಿರುವವರು ಎಲ್ಲಿದ್ದಾರೆಂದು ಊರೂರು ವಿಚಾರಿಸಬೇಕು. ದಯವಿಟ್ಟು ಕಾರ್ಖಾನೆಯ ಹೆಸರು ನೋಡಿ ಬೀಳಿ. ಹೆಸರು ಅಡಿಗಿರುತ್ತದೆ, ಹೇಗಿದ್ದರೂ ಒಳಗೆ ಬರುವವರು ತಾನೆ, ನೋಡಿಕೊಂಡೇ ಹೋಗಿ.

ಆದ್ದರಿಂದ ತಾವು ಸೂರಿನ ಒಂದೇ ಮೂಲೆಗೆ, ಒಟ್ಟಾಗಿ, ಅಳತೆಗೆ ಸಿಗುವಂತೆ ಬೀಳಬೇಕು. ಎರಡನೇ ಶನಿವಾರ ಬೇಡ. ಮಹಜರಿಗೆ ಪಂಚರ ಸಹಿ ಆಗುವವರೆಗೆ ಕರಗಕೂಡದು. ಸಾಧ್ಯವಾದರೆ ಗಾಳಿಯನ್ನೂ ಜೊತೆಗೆ ಕರೆತನ್ನಿ. ಶೀಟು ಹಾರಿ ಹೆದ್ದಾರಿಯ ಆಚೆ ಬಿದ್ದರೆ ಅಳೆಯುವ ಗೋಜೇ ಇರುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಸಿಮೆಂಟ್ ಶೀಟಿನ ಮನೆಯವನು

ಲಗತ್ತು: ಆಧಾರ್, ಪಡಿತರ ಚೀಟಿ, ಪಾಸ್‌ಬುಕ್ ಜೆರಾಕ್ಸ್ (ಒದ್ದೆ); ಪಕ್ಕದಲ್ಲಿ ನಿಂಬೆಹಣ್ಣಿಟ್ಟು ತೆಗೆದ ತಮ್ಮ ಫೋಟೊ 1 (ತಾವು ಎಡಗಡೆ ಇರುವವರು).