ಕೌದಿಯ ಕಾಲ, ಕರ್ತೃ, ಕ್ರಯ: ಒಂದು ಮೀಮಾಂಸೆ

ತಾಳೆಗರಿಯ ಮೇಲೆ ಕವಿದು ಕಣ್ಣು ಕಳೆದುಕೊಂಡ ಕನ್ನಡ ವಿದ್ವಲ್ಲೋಕವು ಕೌದಿಯನ್ನು ಹೊದ್ದುಕೊಂಡು ಮಲಗಿತೇ ಹೊರತು ಬಿಡಿಸಿ ಓದಲಿಲ್ಲ. ಈ ಲೋಪವನ್ನು ನೀಗಿಸಲು ಹುನಗುಂದ ತಾಲ್ಲೂಕಿನ ರಾಮಥಾಳದ ಮನೆಯೊಂದರ ಪಡಸಾಲೆಯನ್ನು ಕ್ಷೇತ್ರವಾಗಿ ಆರಿಸಿಕೊಳ್ಳಲಾಗಿದೆ.

ಮೊದಲು ಕಾಲನಿರ್ಣಯ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನು ಶಕ 500 ಎಂದು ಕೆತ್ತಿಸಿ ಹೋಗಿದ್ದರಿಂದ ಅದು ಕ್ರಿ.ಶ. 578ರದೆಂದು ಯಾರಾದರೂ ಹೇಳಬಲ್ಲರು. ಕೌದಿ ಅಷ್ಟು ಸುಲಭಕ್ಕೆ ಸಿಗುವ ಆಕರವಲ್ಲ. ಈ ಪಡಸಾಲೆಯ ಕೌದಿಯನ್ನೇ ನೋಡಿ: ತಳಪದರ ಮಾವನ ಧೋತರ. ಮೇಲಿನದು ಇಳಕಲ್ಲ ಸೀರೆ. ತೋಪ ತೆನಿ ಸೆರಗು ಕಂಡದ್ದರಿಂದ ಸೀರೆಯ ಊರು ನಿಶ್ಚಿತ. ಆದರೆ ಅದು ಯಾರ ಮದುವೆಯ ಸೀರೆ ಎಂಬಲ್ಲಿ ಅತ್ತೆ-ಸೊಸೆಯರ ನಡುವೆ ತೀವ್ರ ಪಾಠಭೇದವಿದೆ. ಗುಳೇದಗುಡ್ಡ ಖಣದ ತ್ಯಾಪಿಗಳಂತೂ ನಿಸ್ಸಂಶಯವಾಗಿ ಪ್ರಕ್ಷಿಪ್ತ: ಕೂಸಿನ ಕುಲಾವಿ ಹೊಲಿದು ಉಳಿದ ಚೂರುಗಳು.

ಕರ್ತೃ ಯಾರು? ‘ಮನ್ಯಾಗ ಸುಮ್ನ ಕುಂತಾಕಿ’ ಎಂಬುದು ಪೂರ್ವಪಕ್ಷ. (ಈ ಪಕ್ಷದ ಪ್ರತಿಪಾದಕರು ಬೆಳಗಿನಿಂದ ಅಗಸಿ ಕಟ್ಟೆಯ ಮೇಲೆ ಕುಂತಿರುತ್ತಾರೆ.) ಇದಕ್ಕೆ ಖಂಡನೆ ಕೌದಿಯಲ್ಲೇ ಇದೆ. ಅಂಚಿನಿಂದ ಸುತ್ತುತ್ತ ನಡುವಿಗೆ ಬರುವ ಸಾಲುಗಳನ್ನು ಗಮನಿಸಿ. ಹೊಲಿಗೆಯ ಟಾಕಿ ಸಣ್ಣದಾಗಿ, ಒತ್ತೊತ್ತಾಗಿ ಬಿದ್ದಲ್ಲಿ ಕೂಸು ಮಲಗಿತ್ತು. ಉದ್ದವಾದಲ್ಲಿ ಎದ್ದಿತ್ತು. ಸಾಲು ಥಟ್ಟನೆ ವಾಲಿದಲ್ಲಿ ಒಲೆಯ ಮೇಲೆ ಹಾಲು ಉಕ್ಕಿರಬೇಕು. ಅಂಗಳದ ಜೋಳಕ್ಕೆ ಕೋಳಿ ಬಾಯಿ ಹಾಕಿತ್ತೆಂಬ ಇನ್ನೊಂದು ಊಹೆಯೂ ಉಂಟು. ದಾರದ ಬಣ್ಣವೇ ಬದಲಾದಲ್ಲಿ ಹಳೆಯ ಪಂಡಿತರು ಎರಡನೆಯ ಕರ್ತೃವನ್ನು ಕಲ್ಪಿಸುತ್ತಿದ್ದರು. ನಡೆದದ್ದು ಇಷ್ಟೆ: ದಾರ ತರಲು ಸಂತೆಗೆ ಹೋದ ಯಜಮಾನರು ನೆನಪಿನಿಂದ ಬಣ್ಣ ಹೇಳಿದ್ದರು.

ಇನ್ನು ಕ್ರಯ, ನಮ್ಮ ಶಾಸ್ತ್ರದ ಅತಿ ಗಹನ ಭಾಗ. ಕೊಳ್ಳುವವರ ತರ್ಕ ಹೀಗೆ: ಅರಿವಿ ಹಳೆಯದು, ಆದ್ದರಿಂದ ಬೆಲೆ ಸೊನ್ನೆ. ಹೊಲಿದವಳು ಮನೆಯಲ್ಲೇ ಇದ್ದಳು, ಆದ್ದರಿಂದ ಕೂಲಿ ಸೊನ್ನೆ. ಉಳಿದದ್ದು ದಾರ. ಅದರಲ್ಲೂ ಚೌಕಾಸಿಗೆ ಅವಕಾಶವಿದೆ.

“ಹಳೇ ಅರಿವಿನ ಅಲ್ರಿ ಅಕ್ಕಾರ, ಇಷ್ಟ್ಯಾಕ್ರಿ?”

“ಬೆರಳು ನನ್ನೂವ ಅದಾವ್ರೀ.”

ಈ ಉತ್ತರಕ್ಕೆ ಇದುವರೆಗೆ ಯಾವ ಅರ್ಥಶಾಸ್ತ್ರಜ್ಞರೂ ಭಾಷ್ಯ ಬರೆದಿಲ್ಲ. ರಾಮಥಾಳದ ಹೆಸರಿನಲ್ಲೇ 24,000 ಹೆಕ್ಟೇರಿನ ಹನಿ ನೀರಾವರಿ ಯೋಜನೆ ಬಂತು. ನೀರಿನ ಹನಿ ಹನಿಗೂ ಲೆಕ್ಕ ಹಾಕಿದ ಎಂಜಿನಿಯರರು ಬಂದು ಹೋದರು. ಟಾಕಿ ಎಣಿಸಲು ಒಬ್ಬರೂ ಬರಲಿಲ್ಲ.

ಆದರೆ ಕೌದಿ ಹುನಗುಂದದ ಬಸ್ಸು ಹತ್ತಿತೆಂದರೆ ಬೆಲೆ ಏರತೊಡಗುತ್ತದೆ. ಬೆಂಗಳೂರಿನ ಅಂಗಡಿಯಲ್ಲಿ ಅದೇ ವಾಲಿದ ಸಾಲು ‘ಕೈಕುಸುರಿಯ ಸಹಜ ಸೊಬಗು’. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರ ಕೌದಿಗಳು ಅಮೆರಿಕದಲ್ಲಿ ಪ್ರದರ್ಶನಕ್ಕೇ ಏರಿವೆ. ಇದರಿಂದ ಸಿದ್ಧವಾಗುವ ನಿಯಮ: ಕೌದಿಯ ಬೆಲೆಯು ಹೊಲಿದವಳಿಂದ ಅದು ಎಷ್ಟು ದೂರ ಸಾಗಿತೋ ಅಷ್ಟು ಹೆಚ್ಚು.

ಈ ಮಂಡನೆಯನ್ನು ಖಂಡಿಸಬಯಸುವ ವಿದ್ವಾಂಸರು ಹಲ್ಲು ಬರುತ್ತಿರುವ ಕೂಸೊಂದನ್ನು ತೊಡೆಯ ಮೇಲೆ ಹಾಕಿಕೊಂಡು ನಾಲ್ಕೂ ಅಂಚು ಹೊಲಿದು ತೋರಿಸತಕ್ಕದ್ದು. ಸೂಜಿ, ದಾರ ಅವರೇ ತರಬೇಕು.