ಕರಾವಳಿ ಗೃಹಧ್ವನಿ ಮೀಮಾಂಸೆ: ಪ್ರಥಮ ಪಾಠ

ಐದು ಸ್ಪೀಕರು, ಒಂದು ದೊಡ್ಡ ಡಬ್ಬ, ಇವಿಷ್ಟನ್ನೂ ಕುಣಿಸುವ ಒಂದು ಆಂಪ್ಲಿಫೈಯರು: ಇವುಗಳ ಸಮೂಹಕ್ಕೆ ಹೋಮ್ ಥಿಯೇಟರ್ ಎಂದು ಹೆಸರು. ಶಾಸ್ತ್ರದಲ್ಲಿ ಇದು 5.1. ದಶಾಂಶದ ಆಚೆಗಿನ ಒಂದು ಎಂದರೆ ಸಬ್‌ವೂಫರ್ ಎಂಬ ಆ ಡಬ್ಬ. ಸುಮಾರು 120 ಹರ್ಟ್ಸ್‌ಗಿಂತ ಕೆಳಗಿನ ಗುಡುಗನ್ನಷ್ಟೇ ಅದು ನುಡಿಯುವುದರಿಂದ ಪೂರ್ಣಾಂಕದ ಪಂಕ್ತಿಯಲ್ಲಿ ಅದಕ್ಕೆ ಎಲೆ ಹಾಕಿಲ್ಲ. ನೆರೆಮನೆಯವರ ಆಕ್ಷೇಪಗಳೆಲ್ಲ ಬರುವುದು ಮಾತ್ರ ಈ ದಶಾಂಶದ ಮೇಲೆಯೇ.

ಉಗಮದ ಕುರಿತು ಎರಡು ಪಕ್ಷಗಳಿವೆ. 1992ರ ‘ಬ್ಯಾಟ್‌ಮನ್ ರಿಟರ್ನ್ಸ್’ ಚಿತ್ರದೊಂದಿಗೆ ಡಾಲ್ಬಿ ಡಿಜಿಟಲ್ ಎಂಬ 5.1 ಧ್ವನಿ ಚಿತ್ರಮಂದಿರಕ್ಕೆ ಬಂತು ಎಂಬುದು ಪಾಶ್ಚಾತ್ಯ ಪಕ್ಷ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದಾಗಲೇ ಎಲ್ಲವೂ ಸಿದ್ಧವಿತ್ತು ಎಂಬುದು ಹೊನ್ನಾವರ ಪಕ್ಷ: ನಡುವೆ ಭಾಗವತರು, ಮಗ್ಗುಲಲ್ಲಿ ಮದ್ದಳೆ ಮತ್ತು ಚಂಡೆ, ಸರೌಂಡ್‌ಗೆ ಹಿಂದುಗಡೆ ಶೇಂಗಾ ಸುಲಿಯುವ ಪ್ರೇಕ್ಷಕರು. ಎರಡನೆಯ ಪಕ್ಷವೇ ಬಲವಾದದ್ದು. ಚಂಡೆಗೆ ಸದ್ದು ತಗ್ಗಿಸುವ ಗುಂಡಿ ಇಲ್ಲವೆಂಬುದೊಂದೇ ಅದರ ದೋಷ.

ಸ್ಥಾನನಿರ್ಣಯದ ನಿಯಮ ಸರಳ. ಟಿವಿಯ ಕೆಳಗೆ ಸೆಂಟರ್ ಸ್ಪೀಕರ್. ಎಡಬಲದವು ಕೇಳುಗನ ನೇರದಿಂದ 30 ಡಿಗ್ರಿಯಲ್ಲಿ, ಕಿವಿಯ ಎತ್ತರಕ್ಕೆ. ಸರೌಂಡ್ ಎರಡು 100ರಿಂದ 120 ಡಿಗ್ರಿಯೊಳಗೆ. ಕುಮಟಾ ಸೀಮೆಯ ಹಳೆಯ ಮನೆಯ ಜಗಲಿಯಲ್ಲಿ ಈ ಕೋನಗಳಿಗೆಲ್ಲ ಮೊದಲೇ ವಾರಸುದಾರರಿದ್ದಾರೆ. 30 ಡಿಗ್ರಿಗೆ ದೇವರ ಕೋಣೆಯ ಬಾಗಿಲು, 110ಕ್ಕೆ ಅಡಿಕೆ ಚೀಲ, ಕೇಳುಗ ಕೂರಬೇಕಾದ ಬಿಂದುವಿನಲ್ಲಿ ಅಜ್ಜನ ಆರಾಮ ಕುರ್ಚಿ. ಅಜ್ಜನಿಗೆ ಕಿವಿ ಕೇಳದಿದ್ದರೂ ಬಿಂದು ಕದಲದು. ಆಗ ಸ್ಪೀಕರುಗಳನ್ನೇ ಕುರ್ಚಿಗೆ ಹೊಂದಿಸುವುದು ಶಾಸ್ತ್ರಸಮ್ಮತ.

ತಗ್ಗಿನ ಸ್ವರ ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ತಿಳಿಯದು. ಆದಕಾರಣ ಸಬ್‌ವೂಫರ್ ಎಲ್ಲಿದ್ದರೂ ನಡೆಯುತ್ತದೆ. ಮೂಲೆಗಿಟ್ಟರೆ ಗುಡುಗು ಹೆಚ್ಚು, ಕಬ್ಬಿಣದ ಕಪಾಟಿನ ಪಕ್ಕಕ್ಕಿಟ್ಟರೆ ಒಳಗಿನ ಸ್ಟೀಲು ಲೋಟಗಳೂ ಸೇರಿ 6.1. ಕೆಲವೇ ದಿನಗಳಲ್ಲಿ ಅದರ ಮೇಲೊಂದು ಹೂದಾನಿ ಬಂದು ಕೂರುತ್ತದೆ. ಇದಕ್ಕೆ ಪರಿಹಾರ ಹೇಳಿದ ಆಚಾರ್ಯರಿಲ್ಲ.

ಭಟ್ಕಳದಲ್ಲಿ ಸಮಸ್ಯೆ ಬೇರೆ. ದುಬೈಯಿಂದ ಬಂದ ಸೆಟ್ಟಿನ ಪ್ಲಗ್ಗಿಗೆ ಮೂರು ಚಪ್ಪಟೆ ಪಿನ್ನು, ಊರಿನ ಸಾಕೆಟ್ಟಿಗೆ ಮೂರು ದುಂಡು ತೂತು. ಎರಡೂ ಕಡೆ ವೋಲ್ಟೇಜು 230ರ ಆಸುಪಾಸಿನದೇ. ಭೇದವಿರುವುದು ರೂಪದಲ್ಲಿ, ತತ್ತ್ವದಲ್ಲಲ್ಲ. ಒಂದು ಅಡಾಪ್ಟರು ಸಾಕು. ಪ್ಲಗ್ಗು ಕತ್ತರಿಸಿ, ಬರಿಯ ತಂತಿಯನ್ನು ಬೆಂಕಿಕಡ್ಡಿ ಸಮೇತ ತೂತಿಗೆ ತುರುಕುವ ಸಂಪ್ರದಾಯ ಪ್ರಾಚೀನವೇನೋ ಹೌದು. ಅದರ ಆಚಾರ್ಯರು ದೀರ್ಘಾಯುಷಿಗಳಲ್ಲ.

ಸ್ಪೀಕರಿನ ವೈರಿನಲ್ಲಿ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಕಡೆ ಅದಲುಬದಲಾದರೂ ಎಡಬಲಗಳು ಒಂದರ ತಗ್ಗಿನ ಸ್ವರವನ್ನು ಇನ್ನೊಂದು ನುಂಗಿಹಾಕುತ್ತವೆ.

ಮಳೆಗಾಲವನ್ನು ಕೈಪಿಡಿಗಳು ಕಡೆಗಣಿಸಿವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಹಂಚಿನ ಮಾಡೇ ಮೇಲಿನ ಸ್ಪೀಕರು. ಹೊರಗಿನವರು ಇದನ್ನೇ ಅಟ್ಮಾಸ್ ಎಂದು ದುಡ್ಡು ಕೊಟ್ಟು ತರುತ್ತಾರೆ. ಸಂಭಾಷಣೆ ಕೇಳಬೇಕಾದರೆ ಸೆಂಟರಿನ ಮಟ್ಟವನ್ನು ಎರಡು ಮೂರು ಡೆಸಿಬೆಲ್ ಏರಿಸಬೇಕು. ತಗಡಿನ ಮಾಡಾದರೆ ಸಬ್‌ಟೈಟಲ್ ಒಂದೇ ಗತಿ.

ಇನ್ನು ಉಳಿದದ್ದು ಉಪ್ಪುಗಾಳಿ. ವೈರಿನ ತಾಮ್ರದ ತುದಿಗೆ ಅದು ಹಸಿರು ಕಿಲುಬು ಹಿಡಿಸುತ್ತದೆ, ಸ್ಪೀಕರು ಕರಕರ ಎನ್ನುತ್ತದೆ. ತುದಿ ಕತ್ತರಿಸಿ ಹೊಸ ತಾಮ್ರ ಬಿಡಿಸಿ ಸಿಕ್ಕಿಸಿದರೆ ಸರಿಹೋಗುತ್ತದೆ. ಹೀಗಾಗಿ ಕಡಲ ದಂಡೆಯವರು ವೈರನ್ನು ಅಳತೆಗಿಂತ ಒಂದೆರಡು ಮೀಟರು ಹೆಚ್ಚೇ ಕೊಳ್ಳಬೇಕು.